ದೋಣಿ ನಡೆಸಿದ ಕೂಸು

ಯಲ್ಲಾಪುರ
೧೨-೬-೨೦೦೪, ಶನಿವಾರ

ಪ್ರೀತಿಯ ತಂಗಿ ಯಮುನಾ,

ಅಕ್ಕನ ಆಶೀರ್ವಾದಗಳು. ನಿನ್ನ ಮಂಡಿನೋವು ಹೇಗಿದೆ? ಡಾಕ್ಟರು ಕೊಟ್ಟ ಎಣ್ಣೆಯನ್ನು ಹಚ್ಚುತ್ತಿದ್ದೀಯೋ ಅಥವಾ ಬಾಟಲಿಯನ್ನು ದೇವರ ಗೂಡಿನ ಪಕ್ಕ ಇಟ್ಟು ದಿನಾ ಕೈಮುಗಿಯುತ್ತಿದ್ದೀಯೋ? ನಾಗಪತಿಯವರು ಬಿ.ಪಿ. ಮಾತ್ರೆ ತಪ್ಪಿಸದ ಹಾಗೆ ನೋಡಿಕೋ. ನನ್ನ ಕಾಮಾಲೆ ಇಳಿದಿದೆ, ಕಣ್ಣು ಬೆಳ್ಳಗಾಗಿದೆ. ಪಥ್ಯ ಮಾತ್ರ ಬಿಟ್ಟಿಲ್ಲ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಅನ್ನುತ್ತಾರಲ್ಲ, ನನ್ನ ಪಾಲಿಗೆ ಆ ಗಾದೆ ಸುಳ್ಳಾಯಿತು. ನಾನು ಬಯಸಿದ್ದು ಮಾವಿನಕಾಯಿಯ ಅಪ್ಪೆಹುಳಿ, ಅವರು ಹೇಳಿದ್ದು ಗಂಜಿ. ಆ ಗಂಜಿಯನ್ನು ನಿನ್ನ ಭಾವ ಮಾಡುತ್ತಾರೆ, ಒಮ್ಮೆ ನೀರು, ಒಮ್ಮೆ ಗೋಂದು. ಪಾಪ, ಬೈಯುವ ಹಾಗೂ ಇಲ್ಲ.

ಅಭಿಜ್ಞಾಳ ವಿಷಯಕ್ಕೆ ಆಮೇಲೆ ಬರುತ್ತೇನೆ. ಮಗಳ ಕಾಲೇಜಿನ ಫಾರಂ ಕೊಡಲು ಹದಿನೆಂಟಕ್ಕೆ ಕೊನೆ ಅಂದಿದ್ದು ನೆನಪಿದೆ. ಅದಕ್ಕೂ ಮೊದಲು ಒಂದು ಸುದ್ದಿ. ನಾವು ಚಿಕ್ಕಂದಿನಲ್ಲಿ ಓದಿದ ಕೂಸಿನ ಪುಸ್ತಕ ಸಿಕ್ಕಿದೆ.

ನಮ್ಮ ಶಾಲೆಯ ಕಪಾಟಿಗೆ ಗೆದ್ದಲು ಹಿಡಿದಿದೆ ಎಂದು ಹೆಡ್‌ಮಾಸ್ತರರು ಹಳೆಯ ಪುಸ್ತಕಗಳನ್ನೆಲ್ಲ ರದ್ದಿಗೆ ಹಾಕಲು ತೆಗೆಸಿದ್ದರು. ನಾನು ಹಾಸಿಗೆ ಹಿಡಿಯುವ ಹಿಂದಿನ ವಾರ ಆ ರಾಶಿಯನ್ನು ಕೆದಕುತ್ತಿದ್ದಾಗ ಚಿತ್ರ ಕಂಡಿತು: ದೋಣಿ, ಬುಟ್ಟಿ, ಬುಟ್ಟಿಯಿಂದ ಹೊರಗೆ ಬಂದ ಪುಟ್ಟ ಕೈ. ಅದಕ್ಕೆ ‘ಕಡವಿನ ಕೂಸು’ ಅಂತ ಹೆಸರಿದೆಯಂತೆ, ನನಗೆ ವಯಸ್ಸು ನಲವತ್ತು ದಾಟಿದ ಮೇಲೆ ಗೊತ್ತಾಯಿತು! ನಮ್ಮ ಪ್ರತಿಗೆ ಹೆಸರೆಲ್ಲಿತ್ತು? ಅಪ್ಪಯ್ಯ ಶಿರಸಿ ಪೇಟೆಯ ಅಂಗಡಿಯಿಂದ ಕೇಳಿ ತಂದದ್ದು. ಅಷ್ಟರಲ್ಲಿ ಅಂಗಡಿಯವ ಮುಂದಿನ ನಾಲ್ಕು ಹಾಳೆಗಳಲ್ಲಿ ಜೀರಿಗೆಯನ್ನೂ ಹಿಂದಿನ ಹಾಳೆಗಳಲ್ಲಿ ಇಂಗನ್ನೂ ಕಟ್ಟಿ ಮುಗಿಸಿದ್ದ. ಉಳಿದದ್ದನ್ನು ಸೋಂದೆಯ ಮನೆಯ ಮೆತ್ತು ಹತ್ತಿ ಕೂತು ನಾನು ಎಷ್ಟು ಸಲ ಓದಿದೆನೋ, ನೀನು ಎಷ್ಟು ಸಲ ಓದಿಸಿದೆಯೋ. ಅಂಬಿಗರ ಮುದುಕನಿಗೆ ಹೊಳೆಯಲ್ಲಿ ಕೂಸು ಸಿಗುತ್ತದೆ, ಕೂಸು ದೋಣಿ ನಡೆಸಲು ಕಲಿಯುತ್ತದೆ, ಮುದುಕನಿಗೆ ಜ್ವರ ಬರುತ್ತದೆ, ನೆರೆ ಬಂದ ಹೊಳೆಯಲ್ಲಿ ಡಾಕ್ಟರನ್ನು ಕರೆತರಲು ಕೂಸು ಒಬ್ಬಂಟಿಯಾಗಿ ದೋಣಿ ಹತ್ತುತ್ತದೆ. ಅಲ್ಲಿಗೆ ನಮ್ಮ ಪುಸ್ತಕ ಖರ್ಚಾಗಿತ್ತು. ಪ್ರತಿ ಸಲವೂ ನೀನೇ ಹೊಳೆ ದಾಟುವವಳ ಹಾಗೆ ಎದ್ದು ನಿಂತು ಹೇಳುತ್ತಿದ್ದೆ, “ದಾಟ್ತು ಅಕ್ಕಾ. ಆನೂ ದಾಟ್ತೆ.”

ಅದು ಹುಡುಗಿ ಎನ್ನುವುದರಲ್ಲಿ ನಮಗೆ ಸಂಶಯವೇ ಇರಲಿಲ್ಲ. ನಮ್ಮ ಮಾತಿನಲ್ಲಿ ಹುಡುಗ ಮಾಣಿ, ಹುಡುಗಿ ಕೂಸು. ಮೇಲಾಗಿ ಮನೆಯ ಹೆಣ್ಣುಮಕ್ಕಳನ್ನು ‘ಅದು ಬಂತು, ಅದು ಹೋತು’ ಎನ್ನುವ ಜನ ನಾವು. ಪುಸ್ತಕದಲ್ಲಿ ‘ಕೂಸು ಹುಟ್ಟು ಹಿಡಿಯಿತು’ ಎಂದಿದ್ದರೆ ಇನ್ನು ಕೇಳುವುದೇನು? ನಾನು ಮಾಸ್ತರಿಕೆ ಕಲಿಯಲು ಧಾರವಾಡಕ್ಕೆ ಹೋದಾಗಲೇ ಪೆಟ್ಟು ಬಿದ್ದದ್ದು. “ನಮ್ಮನೆ ಕೂಸು ಈ ಸಲ ಹತ್ತನೇತ್ತಿ” ಅಂದೆ. ಇಡೀ ಕ್ಲಾಸು ನಕ್ಕಿತು. ತೊಟ್ಟಿಲಲ್ಲೇ ಕೂತು ಪರೀಕ್ಷೆ ಬರೀತದೇನು ಎಂದು ಕೇಳಿದರು. ಕೂಸು ಅಂದರೆ ಎಳೆಮಗು, ಗಂಡೋ ಹೆಣ್ಣೋ ಯಾವುದೂ ಆಗಬಹುದು ಎಂದು ಅಲ್ಲಿ ಕಲಿತೆ. ಆ ನಾಚಿಕೆಗೆ ನಾನು ಮನೆಮಾತನ್ನೇ ಬಿಟ್ಟು, ರಜೆಯಲ್ಲಿ ಆಯಿಯ ಹತ್ತಿರವೂ ಪುಸ್ತಕದ ಕನ್ನಡ ಆಡಿದ್ದು ನಿನಗೆ ನೆನಪಿರಬೇಕು.

ಈಗ ಬರೆಯಬೇಕಾದದ್ದು. ಎಂಬತ್ತನಾಲ್ಕರಲ್ಲಿ ನೀನು ಕಾರವಾರಕ್ಕೆ ನರ್ಸ್ ತರಬೇತಿಗೆ ಹೋಗುತ್ತೇನೆ ಎಂದು ಹಟ ಹಿಡಿದಾಗ ಅಪ್ಪಯ್ಯ ಸಿಟ್ಟು ಮಾಡಲಿಲ್ಲ. ನನ್ನ ಕಡೆ ತಿರುಗಿ, “ನೀಲಾ, ನೀ ಓದಿದ್ದೆ. ನೀ ಎಂತ ಹೇಳ್ತೆ?” ಎಂದು ಕೇಳಿದರು. ನಾನು ಹೂಂ ಅಂದಿದ್ದರೆ ಕಳಿಸುತ್ತಿದ್ದರು. ನೀನು ಒಳಗಿಂದ ಆ ಹರಿದ ಪುಸ್ತಕ ತಂದು ನನ್ನ ಮುಂದೆ ಇಟ್ಟೆ. ನಾನು ನಕ್ಕೆ. ಅಷ್ಟು ದಿನ ಬಿಟ್ಟಿದ್ದ ಮನೆಮಾತು ಆಗ ನಾಲಗೆಗೆ ಬಂತು. “ಅದು ಕೂಸಲ್ಲ, ಮಾಣಿ. ದೋಣಿ ನಡೆಸ ಕೂಸು ಎಲ್ಲೂ ಇಲ್ಲೆ.”

ಮುಂದಿನ ಪುಟ ನಾನು ನೋಡಿರಲಿಲ್ಲ ಯಮುನಾ. ಗೊತ್ತಿಲ್ಲದೆ ಹೇಳಿದೆ. ಧಾರವಾಡದಲ್ಲಿ ನಾನು ತಿಂದ ಪೆಟ್ಟನ್ನು ನಿನಗೆ ದಾಟಿಸಿದೆ. ನಿಜ ಹೇಳಬೇಕೆಂದರೆ ಮನೆಯಲ್ಲಿ ಓದಿದವಳು ನಾನೊಬ್ಬಳೇ ಆಗಿರಲಿ ಎಂಬ ಆಸೆಯೂ ಇತ್ತು. ಮರುವರ್ಷ ನಿನ್ನ ಮದುವೆಯಾಯಿತು. ನಾಗಪತಿಯವರು ಒಳ್ಳೆಯವರು, ಅದು ಬೇರೆ ಮಾತು. ಆದರೆ ಆಯಿಯ ಕೊನೆಯ ತಿಂಗಳುಗಳಲ್ಲಿ ನೀನು ಅವಳನ್ನು ಮಗ್ಗುಲಾಗಿಸಿ ಒರೆಸುವುದನ್ನು ನೋಡಿ ಆಸ್ಪತ್ರೆಯ ಸಿಸ್ಟರು, ಎಲ್ಲಿ ಕಲಿತಿರಿ ಎಂದು ಕೇಳಿದಾಗ ನಾನು ಹೊರಗೆ ಎದ್ದು ಹೋದೆನಲ್ಲ, ಅದು ಕಾಫಿಗಲ್ಲ.

ಕಾಯಿಲೆಯಲ್ಲಿ ದಿನಕ್ಕೊಂದು ಅಧ್ಯಾಯ ಓದುತ್ತ ಬಂದೆ. ಗಂಜಿಗಿಂತ ಅದೇ ಮೈಗೆ ಹತ್ತಿತು. ಓದುವಾಗ ನೀನು ತೊಡೆಗೆ ಒರಗಿ ಕೂತ ಹಾಗೇ ಆಗುತ್ತಿತ್ತು. ನಾಲ್ಕು ದಿನದಿಂದ ನಮ್ಮ ಪುಸ್ತಕ ನಿಂತಲ್ಲೇ ನಾನೂ ನಿಂತಿದ್ದೇನೆ. ಮುಂದೆ ಹದಿನಾಲ್ಕು ಪುಟಗಳಿವೆ. ಧೈರ್ಯ ಸಾಲದು.

ಇನ್ನು ಅಭಿಜ್ಞಾ. ಮೊನ್ನೆ ಫೋನಿನಲ್ಲಿ ನೀನೂ ಅಪ್ಪಯ್ಯನ ಹಾಗೇ ಕೇಳಿದೆ, “ಅಕ್ಕಾ, ನೀ ಓದಿದ್ದೆ, ನೀನೇ ಹೇಳು.” ಮಂಗಳೂರಿಗೆ ಹೋಗಿ ಮೀನುಗಾರಿಕೆ ಓದುತ್ತಾಳಂತೆ! ಮೀನಿನ ಬುಟ್ಟಿ ಬಸ್ಸು ಹತ್ತಿದರೆ ಸೀಟು ಬದಲಾಯಿಸುವ ವಂಶದಲ್ಲಿ ಇವಳೆಲ್ಲಿ ಹುಟ್ಟಿದಳೋ. ನಾಗಪತಿಯವರು ನಾಲ್ಕು ಜನಕ್ಕೆ ಏನೆಂದು ಹೇಳಲಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಸಮುದ್ರಕ್ಕೆ ಬೇರೆ ಹೋಗಬೇಕಂತೆ. ನನಗೆ ತೋಚುವುದೆಂದರೆ, ಈ ವರ್ಷ ಶಿರಸಿಯಲ್ಲೇ ಬಿ.ಎಸ್ಸಿ.ಗೆ ಸೇರಲಿ. ಅವಸರ ಏನಿದೆ? ಮುಂದಿನದನ್ನು ಮುಂದೆ ನೋಡೋಣ. ಅವಳಿಗೆ ಬೇಜಾರಾಗದ ಹಾಗೆ ನೀನೇ ತಿಳಿಸಿ ಹೇಳು.

ಎಲ್ಲರೂ ಆರೋಗ್ಯ ನೋಡಿಕೊಳ್ಳಿ. ನಿನ್ನ ಭಾವ ನೆನಪು ಹೇಳಿದ್ದಾರೆ. ನಾಗಪತಿಯವರಿಗೆ ನಮಸ್ಕಾರ, ಅಭಿಜ್ಞಾಳಿಗೆ ದೊಡ್ಡಾಯಿಯ ಮುದ್ದು. ಮಳೆ ಹಿಡಿಯುವುದರೊಳಗೆ ಒಮ್ಮೆ ಬಂದು ಹೋಗು.

ನಿನ್ನ ಅಕ್ಕ,
ನೀಲಾ

ತಾ.ಕ.: ಅಂಚೆಗೆ ಹೊರಟ ನಿನ್ನ ಭಾವನನ್ನು ಬಾಗಿಲಲ್ಲೇ ನಿಲ್ಲಿಸಿ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟಿದ್ದರೆ ಕ್ಷಮಿಸು. ಲಕೋಟೆಗೆ ಅಂಟು ಹಚ್ಚಲು ಕೂತವಳು ಹದಿನಾಲ್ಕು ಪುಟವನ್ನೂ ಓದಿಬಿಟ್ಟೆ. ದೋಣಿ ದಾಟುತ್ತದೆ. ಆಚೆ ದಡದಲ್ಲಿ ಡಾಕ್ಟರು ನಿನ್ನ ಹೆಸರೇನು ಎಂದು ಕೇಳುತ್ತಾರೆ. ಕೂಸು ‘ತುಂಗೆ’ ಎನ್ನುತ್ತದೆ. ಅಲ್ಲಿಂದ ಮುಂದೆ ಪುಸ್ತಕದ ತುಂಬ ‘ಅವಳು’, ‘ಅವಳು’. ಹನ್ನೊಂದು ಸಲ ಇದೆ, ಬೆರಳಿಟ್ಟು ಎಣಿಸಿದೆ. ಓದದ ನೀನು ಸರಿ, ಓದಿದ ನಾನು ತಪ್ಪು. ಮೇಲೆ ಅಭಿಜ್ಞಾಳ ಬಗ್ಗೆ ಬರೆದದ್ದನ್ನು ಹೊಡೆದುಹಾಕು. ಹದಿನೆಂಟಕ್ಕೆ ಕಾಯಬೇಡ, ಈ ಪತ್ರ ತಲುಪಿದ ದಿನವೇ ಫಾರಂ ಕಳಿಸು. ನಾಗಪತಿಯವರ ಹತ್ತಿರ ನಾನೇ ಮಾತಾಡುತ್ತೇನೆ. ಅಭಿಜ್ಞಾಳಿಗೆ ಹೇಳು, ಅಂದು ನಾನು ಇಲ್ಲೆ ಅಂದದ್ದು ಸುಳ್ಳು, ದೋಣಿ ನಡೆಸ ಕೂಸು ಇದ್ದು.