ಸಾಲಿನಲ್ಲಿ ನಿಂತವರು ಕೊಟ್ಟ ಉತ್ತರ

ನವೆಂಬರ್ ೧೪, ಗುರುವಾರ

‘ಗಿರಿಜಾಂಬಾ ನಾಗಭೂಷಣ, ಕುರಾಂಗ್ ಶಾಲೆಯಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿದವಳು.’ ಅಗ್ನಿಶಾಮಕ ದಳದ ಕ್ಯಾಪ್ಟನ್ ಲೋರ್ನ್‌ಗೆ ಬರೆದ ಪತ್ರವನ್ನು ಹೀಗೆ ಆರಂಭಿಸಿದ್ದೇನೆ. ಜಂಬವೆನಿಸಿದರೆ ಎನಿಸಲಿ.

ಭಾನುವಾರದ ಹೆದ್ದಾರಿ ಅಪಘಾತದಲ್ಲಿ ಮಗುವೊಂದು ಉಳಿಯಲಿಲ್ಲ. ರಕ್ಷಣೆಗೆ ಹೋಗಿ ಠಾಣೆಗೆ ಮರಳಿದ ದಳದ ಸ್ವಯಂಸೇವಕರು ವಾಡಿಕೆಯಂತೆ ಗಾಡಿ ತೊಳೆದು ಸಾಲಾಗಿ ನಿಂತರು. ನಿವೃತ್ತಿಯ ನಂತರ ಅಲ್ಲಿನ ಚಹಾದ ಹೊಣೆ ನನ್ನದು; ಅಂದೂ ಬಗ್ಗಿಸುತ್ತಿದ್ದೆ.

“ಎಲ್ಲಾ ಆರಾಮಾ? ಅಳೋರಿದ್ರೆ ಈಗ್ಲೇ ಅತ್ತುಬಿಡ್ರಪ್ಪ, ಬಿಸ್ಕತ್ತು ಖಾಲಿಯಾಗ್ತಿದೆ!” ಎಂದ ಲೋರ್ನ್.

“ಆರಾಮು,” ಎಂದು ಹತ್ತೂ ಮಂದಿ ನಕ್ಕರು. ಅವನು ದಾಖಲೆ ಪುಸ್ತಕದಲ್ಲಿ ಹಾಗೆಯೇ ಬರೆದ.

ಇಂದು ಮಧ್ಯಾಹ್ನ ಆ ಹತ್ತು ಮಂದಿಯಲ್ಲೊಬ್ಬಳಾದ ನನ್ನ ಹಳೆಯ ವಿದ್ಯಾರ್ಥಿನಿ ಟ್ಯಾಮ್ಸಿನ್ ಬಂದು, ತುರ್ತು ಕರೆ ಬಂದಾಗ ಸದ್ದು ಮಾಡುವ ದಳದ ಪೇಜರನ್ನು ನನ್ನ ಮೇಜಿನ ಮೇಲಿಟ್ಟಳು.

“ಸಾಕಾಯ್ತು ಮಿಸ್. ಕಣ್ಣು ಮುಚ್ಚಿದ್ರೆ ಆ ಪುಟ್ಟ ಶೂ ಕಾಣುತ್ತೆ.”

“ಅವತ್ತೇ ಯಾಕೆ ಹೇಳ್ಲಿಲ್ಲ?”

“ಸಾಲಲ್ಲಿ ನಿಂತ್ಕೊಂಡಾ? ನೀವು ಕ್ಲಾಸಲ್ಲಿ ‘ಅರ್ಥವಾಯಿತೇ’ ಅಂದಾಗ ನಾನು ಯಾವತ್ತಾದ್ರೂ ಇಲ್ಲ ಅಂದಿದ್ದೀನಾ?”

‘ಹೌದು ಮಿಸ್’ ಎಂಬ ಆ ಒಕ್ಕೊರಲನ್ನು ಮೂವತ್ತೊಂದು ವರ್ಷ ನಂಬಿದವಳು ನಾನು. ಲೋರ್ನ್‌ನನ್ನು ಮಾತ್ರ ದೂರುವುದು ಹೇಗೆ? ಪತ್ರದಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಂಡು, ಇನ್ನು ಮುಂದೆ ಒಬ್ಬೊಬ್ಬರನ್ನೂ ಅವರವರ ಮನೆಯಲ್ಲಿಯೇ ಕೇಳಬೇಕೆಂದು ಕೋರಿದ್ದೇನೆ. ಟ್ಯಾಮ್ಸಿನ್‌ಗೆ ಮಾತು ಕೊಟ್ಟಂತೆ ಅವಳ ಹೆಸರು ಬರೆದಿಲ್ಲ.

ಲಗತ್ತುಗಳು: ದಾಖಲೆ ಪುಸ್ತಕದ ಆ ಪುಟದ ಪ್ರತಿ, ಆಪ್ತಸಮಾಲೋಚಕಿಯ ದೂರವಾಣಿ ಸಂಖ್ಯೆ, ಹನ್ನೊಂದು ಮನೆಗಳ ಭೇಟಿಗೆ ನಾನು ಹಾಕಿದ ವೇಳಾಪಟ್ಟಿ. ಹನ್ನೊಂದನೆಯದು ಲೋರ್ನ್‌ನ ಮನೆ, ಅಲ್ಲಿಗೆ ನಾನೇ ಹೋಗುತ್ತೇನೆ.

ಪೇಜರನ್ನು ಲಗತ್ತಿಸಿಲ್ಲ. ಅವಳು ಅದನ್ನು ಆಫ್ ಮಾಡದೆಯೇ ಹೋಗಿದ್ದಾಳೆ.