ಸಂಜೆಯವರೆಗಿನ ಶಿಕ್ಷೆ

ಅಣ್ಣನಿಗೆ,

ಮನೆಯಲ್ಲಿ ಯಾರಿಗೂ ಜ್ವರ, ಕೆಮ್ಮು ಇಲ್ಲ. ಕ್ಷೇಮವೆಂದೇ ತಿಳಿ.

ನಿನ್ನೆ ಕೋರ್ಟಿನ ಹಿಂದಿನ ಬೆಂಚಿನಲ್ಲಿ ನಾನೂ ಇದ್ದೆ. ನಕಲಿ ನರ್ಸಿಂಗ್ ಕಾಲೇಜು ನಡೆಸಿ ನಲವತ್ತು ಹುಡುಗಿಯರ ಮೂರು ವರ್ಷ ನುಂಗಿದ್ದಕ್ಕೆ, ಸಂಜೆ ಕೋರ್ಟು ಮುಗಿಯುವವರೆಗೆ ಅಲ್ಲೇ ಕೂತಿರುವುದು ನಿನ್ನ ಶಿಕ್ಷೆ. "ವಯಸ್ಸಾಗಿದೆ, ಮರ್ಯಾದಸ್ಥರು" ಎಂದರು ನ್ಯಾಯಾಧೀಶರು. ಗೇಟಿನ ಹತ್ತಿರ ನೀನು ನನ್ನ ಹೆಗಲು ತಟ್ಟಿ, "ಮುಗೀತಲ್ಲಮ್ಮ, ಇನ್ನು ಮನಸ್ಸಲ್ಲಿ ಇಟ್ಕೋಬೇಡ" ಎಂದೆ.

ಆ ನಲವತ್ತರಲ್ಲಿ ನನ್ನ ಮಗಳೂ ಒಬ್ಬಳು. "ಸೋದರಮಾವನ ಕಾಲೇಜು, ಕಣ್ಣು ಮುಚ್ಕೊಂಡು ಸೇರು" ಎಂದು ಕಳಿಸಿದವಳು ನಾನೇ. ಆಸ್ಪತ್ರೆಯವರು ಅವಳ ಸರ್ಟಿಫಿಕೇಟನ್ನು ತಿರುಗಿಸಿ ನೋಡಿ, "ಈ ಹೆಸರಿನ ಕಾಲೇಜೇ ಇಲ್ವಲ್ಲಮ್ಮ" ಎಂದು ವಾಪಸ್ ಕೊಟ್ಟರು. ಈಗ ಅದೇ ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆ ಒಗೆಯುತ್ತಾಳೆ.

"ಮಾವನಿಗೆ ಏನಾಯ್ತಮ್ಮಾ?" ಎಂದು ನಿನ್ನೆ ರಾತ್ರಿ ಕೇಳಿದಳು.

"ಸಂಜೆವರೆಗೂ ಕೂರಿಸಿ ಬಿಟ್ಟುಬಿಟ್ರು."

"ನಾನು ಮೂರು ವರ್ಷ ಕೂತಿದ್ನಲ್ಲಮ್ಮಾ" ಎಂದು ಒಳಗೆ ಹೋದಳು.

ಒಂದು ಕೆಲಸ ಮಾಡು. ಬಸ್ ನಿಲ್ದಾಣದ ಎದುರು ನಿನ್ನ ಕಾಲೇಜಿನ ಬೋರ್ಡಿನಲ್ಲಿ ಬಿಳಿ ಸಮವಸ್ತ್ರ ತೊಟ್ಟು ನಗುತ್ತಿರುವವಳು ಅವಳೇ. ಸೋಮವಾರದೊಳಗೆ ಅದನ್ನು ಇಳಿಸು. ಕೆಲಸಕ್ಕೆ ಹೋಗಲು ಅವಳು ದಿನವೂ ಅಲ್ಲೇ ಬಸ್ಸಿಗೆ ಕಾಯಬೇಕು.

ಇಂತಿ,
ಅವಳ ಅಮ್ಮ