ಸಿರಿಯ ಬೆನ್ನ ಮೇಲಿನ ಹದಿಮೂರು ಗೋಪುರ

ಕೋಲಾರ
ಫೆಬ್ರುವರಿ 30, 2104

ಮುತ್ತಾತ ಚಲಪತಿಯವರಿಗೆ, ಮುತ್ತಜ್ಜಿ ನಾಗವೇಣಿಯವರಿಗೆ ಮತ್ತು ನಿಮ್ಮ ಬೀದಿಯವರೆಲ್ಲರಿಗೆ,

2026ರ ಯುಗಾದಿಯ ದಿನ ನೀವು ನಿಂಬೆಹಣ್ಣಿಗಿಂತ ತುಸು ದೊಡ್ಡದಿದ್ದ ಒಂದು ನಕ್ಷತ್ರ ಆಮೆಯ ಮರಿಯನ್ನು ನೀರು ತುಂಬಿದ ಹಿತ್ತಾಳೆ ಬೋಗುಣಿಯಲ್ಲಿ ಕೂರಿಸಿ ದೇವರಮನೆಯ ಈಶಾನ್ಯ ಮೂಲೆಗಿಟ್ಟಿರಿ. ಅದು ನೆಲದ ಆಮೆ. ಅದಕ್ಕೆ ಈಜು ಬಾರದು. ವಾಸ್ತುವಿನವರು ಲೋಹದ ಆಮೆಗೆ ಹೇಳಿದ್ದನ್ನು ನೀವು ಜೀವವಿರುವ ಆಮೆಗೆ ಮಾಡಿದಿರಿ.

ತಾರೀಖು ಕಂಡು ನಗಬೇಡಿ. ನಾವು ತಿಂಗಳುಗಳನ್ನು ಸಮ ಮಾಡಿಕೊಂಡು ಇಪ್ಪತ್ತು ವರ್ಷವಾಯಿತು. ಮುಂದೆಯೂ ಕೆಲವು ಮಾತು ನಿಮಗೆ ಹೊಸದಾಗಿ ಕೇಳಿಸಬಹುದು, ಕೆಲವು ಒರಟಾಗಿ. ಹೊಸದಕ್ಕೆ ಕ್ಷಮೆ ಕೇಳುತ್ತೇನೆ, ಒರಟಿಗೆ ಕೇಳುವುದಿಲ್ಲ.

ನಾನು ವೈಖರಿ, ನಿಮ್ಮ ಮರಿಮೊಮ್ಮಗಳು. ಊರಿನ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ಸಿರಿ ಬರಲೆಂದು ನೀವು ಸಿರಿ ಎಂದು ಹೆಸರಿಟ್ಟ ಆ ಆಮೆ ಇನ್ನೂ ಬದುಕಿದೆ. ಬೆಳಗ್ಗೆ ಆರೂವರೆಗೆ ಅದನ್ನು ಎರಡು ಕೈಯಲ್ಲಿ ಎತ್ತಿ ಅಂಗಳಕ್ಕೆ ಒಯ್ಯುತ್ತೇನೆ. ಹತ್ತಕ್ಕೆ ನೆರಳುಗಂಟೆ ಬಾರಿಸುತ್ತದೆ, ಆಮೇಲೆ ನಾಲ್ಕರವರೆಗೆ ಬಿಸಿಲಿಗೆ ಯಾರೂ ಹೊರಬರುವಂತಿಲ್ಲ. ಅಷ್ಟರೊಳಗೆ ಅದರ ಬಿಸಿಲೂ ಊಟವೂ ಮುಗಿಯಬೇಕು. ಒಣ ಗರಿಕೆ, ದಾಸವಾಳದ ಎಲೆ, ಮುಳ್ಳು ತೆಗೆದ ಪಾಪಾಸುಕಳ್ಳಿ, ಮೇಲೆ ಚಿಟಿಕೆ ಸುಣ್ಣದಂಶದ ಪುಡಿ. ಹಿಂಗಾಲುಗಳು ಬೆನ್ನಿನ ಭಾರ ಹೊರುವುದಿಲ್ಲ. ನಾಲ್ಕು ಹೆಜ್ಜೆ ಇಟ್ಟು ಹೊಟ್ಟೆ ನೆಲಕ್ಕೂರುತ್ತದೆ.

ಆ ಬೆನ್ನಿನ ಬಗ್ಗೆ ಹೇಳಬೇಕು. ಆರೋಗ್ಯವಂತ ಮರಿಯ ಚಿಪ್ಪು ಕವುಚಿದ ಬಟ್ಟಲಿನಂತೆ ದುಂಡಗೆ ಬೆಳೆಯುತ್ತದೆ. ಸಿರಿಯ ಚಿಪ್ಪಿನ ಹದಿಮೂರು ಬಿಲ್ಲೆಗಳೂ ಚೂಪಾಗಿ ಮೇಲೆದ್ದಿವೆ. ನಮ್ಮ ಮನೆಯಲ್ಲಿ ಅವನ್ನು ಗೋಪುರಗಳೆಂದೇ ಕರೆದರು. ಬಂದವರು ಕೈಮುಗಿದರು. ನಾನೂ ಶಾಲೆಯ ವಸ್ತುಪ್ರದರ್ಶನಕ್ಕೆ ಅದನ್ನು ಹೊತ್ತೊಯ್ದು, ಗೋಪುರಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿ ತೋರಿಸಿ, ಮೊದಲ ಬಹುಮಾನ ತಂದೆ. ಆ ಚಪ್ಪಾಳೆ ನೆನಪಾದರೆ ಈಗ ಮುಖ ಎಲ್ಲಿಡಬೇಕೋ ತಿಳಿಯುವುದಿಲ್ಲ. ನಾನು ಎಣಿಸಿದ್ದು ರೋಗವನ್ನು.

ಇದು ತಿಳಿದದ್ದು ಹೋದ ವರ್ಷ, ನಿಮ್ಮ ಹಳೆಯ ಫೋನನ್ನು ರಿಪೇರಿಗೆ ಕೊಟ್ಟಾಗ. ಅದರಲ್ಲೊಂದು ವಿಡಿಯೋ ಇದೆ. ಪಕ್ಕದ ಬೀದಿಯ ಪಶುವೈದ್ಯೆ ಷಮೀಮ್ ಮರಿಯನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಿದ್ದಾರೆ.

"ಇದು ನೀರಲ್ಲಿರೋ ಆಮೆ ಅಲ್ಲ ಸಾರ್, ಕಲ್ಲು ಬಯಲಿಂದು. ಮೂಗಲ್ಲಿ ಗುಳ್ಳೆ ಬರ್ತಿದೆ ನೋಡಿ."

"ಜಪ ಮಾಡ್ತದೆ ಡಾಕ್ಟ್ರಮ್ಮ," ಎನ್ನುತ್ತೀರಿ ಮುತ್ತಾತ, ನೀವು. "ಬೆಳಗ್ಗೆ ಹೊತ್ತು ಬಂದು ಕೇಳಿ, ಸೊಯ್ ಸೊಯ್ ಅಂತ."

"ಅದು ಜಪ ಅಲ್ಲ ಸಾರ್, ನ್ಯುಮೋನಿಯಾ. ಉಸಿರು ಸಿಗ್ತಿಲ್ಲ ಅದಕ್ಕೆ. ಹಾಲನ್ನ, ಬೆಲ್ಲ ನಿಲ್ಲಿಸಿ. ಹುಲ್ಲು ಹಾಕಿ, ಬಿಸಿಲಿಗೆ ಬಿಡಿ."

"ಹುಲ್ಲಾ? ಏನು, ನಾವು ಹಸು ತಂದಿದೀವಾ?" ಮುತ್ತಜ್ಜಿಯ ಮಾತಿಗೆ ನೆರೆದವರೆಲ್ಲ ನಗುತ್ತಾರೆ.

"ಮನೇಲಿ ಇಟ್ಕೊಳ್ಳೋದೇ ಕಾನೂನಿಗೆ ವಿರುದ್ಧ ಅಮ್ಮ. ಅರಣ್ಯದವರಿಗೆ ಒಪ್ಪಿಸ್ಬಿಡಿ."

"ನೀವು ಓದಿರೋ ಆಮೆ ಬೇರೆ ಕಣಮ್ಮ, ನಮ್ಮನೆ ಆಮೆ ಬೇರೆ."

ಅಷ್ಟು ಹೇಳಿ ಮುತ್ತಾತ, ನೀವು ಫೋನನ್ನು ದೇವರ ಪಟದ ಕಡೆಗೆ ತಿರುಗಿಸುತ್ತೀರಿ. ಗಣಪತಿಯ ಮುಂದೆ ಹಿಡಿ ತುಂಬ ಹಸಿ ಗರಿಕೆ, ಕೆಂಪು ದಾಸವಾಳ. ಒಂದು ಮೊಳ ಕೆಳಗೆ ಸಿರಿಯ ಬೋಗುಣಿ, ಅದರಲ್ಲಿ ತೇಲುವ ಅನ್ನದ ಅಗುಳು. ಅದು ತಿನ್ನಬೇಕಾದದ್ದೆಲ್ಲ ಅದರ ತಲೆಯ ಮೇಲೆ ದಿನವೂ ಬಾಡುತ್ತಿತ್ತು. ಆ ವೈದ್ಯೆ ಗೇಲಿ ಕೇಳಿಕೊಂಡೇ ಹದಿನೈದು ದಿನ ಬಂದು ಸೂಜಿ ಚುಚ್ಚಿದರು, ಉಸಿರು ತಿಳಿಯಾಯಿತು. ತಪಸ್ಸು ಫಲಿಸಿತೆಂದು ನೀವು ಬೋಗುಣಿಯ ನೀರನ್ನು ಜಗಲಿಯಲ್ಲಿ ನಿಂತು ಬೀದಿಯವರಿಗೆ ಪ್ರೋಕ್ಷಿಸಿದಿರಿ. ಅದು ಫೋನಿನ ಇನ್ನೊಂದು ವಿಡಿಯೋದಲ್ಲಿದೆ. ಕೊನೆಗೆ ಹೊಟ್ಟೆಯ ಚಿಪ್ಪು ಕೊಳೆತಾಗ ನೀರು ಚೆಲ್ಲಿದಿರಿ, ಆದರೆ ಬಿಸಿಲು ಕಾಣದ ಅದೇ ಮೂಲೆಯ ನುಣುಪು ಟೈಲ್ಸಿನ ಮೇಲೆ, ಅದೇ ಹಾಲನ್ನದ ಮೇಲೆ ಅದನ್ನು ಬೆಳೆಸಿದಿರಿ. ಆ ಹದಿಮೂರು ಗೋಪುರ ಎದ್ದದ್ದು ಅದರಿಂದಲೇ.

ಈಗ ಯಾಕೆ ಕೆದಕುತ್ತೇನೆಂದರೆ, ನಮ್ಮ ಕಾಲದಲ್ಲಿ ಆಮೆಯನ್ನು ಸಾಕುವುದಿಲ್ಲ. ಬಯಲಿನಲ್ಲಿ ಅವು ಬೆರಳೆಣಿಕೆಗೆ ಇಳಿದ ಮೇಲೆ ಒತ್ತೆಮರಿ ಎಂಬ ಪದ್ಧತಿ ಬಂತು: ಸರ್ಕಾರ ಒಪ್ಪಿಸಿದ ಮರಿಯನ್ನು ಐದು ವರ್ಷ ಕಾಗೆ ನಾಯಿಗಳಿಂದ ಕಾದು, ಕಲ್ಲು ಬಯಲಿಗೆ ಹಿಂದಿರುಗಿಸಬೇಕು. ನನ್ನ ಮಗಳು ನಿಹಾರಿ ಒಂದು ಮರಿಗಾಗಿ ಅಂಗಳದ ಮೂಲೆ ಸಿದ್ಧ ಮಾಡಿದ್ದಾಳೆ. ಮಣ್ಣು ಮರಳು ಬೆರೆಸಿದ್ದಾಳೆ, ಅರ್ಧಕ್ಕೆ ಬಿಸಿಲು, ಅರ್ಧಕ್ಕೆ ಚಪ್ಪರ, ಅಡಗಲು ಮಡಕೆಯ ಚೂರು. ನೀರಿನ ತಟ್ಟೆಯಂತೂ ಮರಿಯ ಗದ್ದಕ್ಕಿಂತ ಮೇಲೆ ಬಾರದಷ್ಟು ತೆಳುವು. ಮರಿ ಕೊಡಬೇಕೋ ಬೇಡವೋ ಎಂದು ಬರುವ ಭಾನುವಾರ ಬೀದಿಕೂಟದಲ್ಲಿ ನೆರೆಹೊರೆಯವರೇ ತೀರ್ಮಾನಿಸುತ್ತಾರೆ. ಅರ್ಜಿಯಲ್ಲಿ ಒಂದು ಪ್ರಶ್ನೆ: ಈ ಮನೆಯಲ್ಲಿ ಹಿಂದೆ ಇದ್ದ ಪ್ರಾಣಿಯ ಸ್ಥಿತಿ ಹೇಗಿದೆ?

ನಾನು ಆ ಜಾಗ ಖಾಲಿ ಬಿಟ್ಟೆ. ನಿಹಾರಿ ಓದಿ, "ಅಮ್ಮ, ಸಿರಿ ಅಂಗಳದಲ್ಲೇ ಕೂತಿದೆಯಲ್ಲ, ಈ ಜಾಗ ಖಾಲಿ ಹೇಗೆ ಬಿಡ್ತೀಯ?" ಎಂದಳು.

ಭಾನುವಾರ ಸಿರಿಯನ್ನು ಎತ್ತಿಕೊಂಡೇ ಕೂಟಕ್ಕೆ ಹೋಗುತ್ತೇನೆ. ಬಹುಮಾನದ ವಿಷಯ, ಖಾಲಿ ಬಿಟ್ಟ ಜಾಗದ ವಿಷಯ ನಾನೇ ಹೇಳುತ್ತೇನೆ. ಅವರು ಮರಿ ಕೊಡದಿದ್ದರೆ ಮಗಳ ಮುಂದೆ ತಲೆ ತಗ್ಗಿಸುತ್ತೇನೆ. ಆದರೆ ನಿಮ್ಮ ಪಾಲಿನ ಉತ್ತರವನ್ನು ನಾನು ಕೊಡಲಾರೆ. ನಿಮ್ಮ ಫೋನಿನ ಕವರಿನ ಹಿಂದೆ, ನಾಲ್ಕು ಮಡಿಕೆಯಾಗಿ, ವೈದ್ಯೆ ಬರೆದುಕೊಟ್ಟ ಚೀಟಿ ಸಿಕ್ಕಿದೆ. ಬಿಸಿಲು, ಒಣ ನೆಲ, ಹುಲ್ಲು ಎಂದು ಕನ್ನಡದಲ್ಲೇ ಇದೆ. ಮಡಿಕೆಗಳು ಸವೆದಿವೆ. ಅಂದರೆ ನೀವು ಅದನ್ನು ಒಂದಲ್ಲ, ಹಲವು ಸಲ ಬಿಚ್ಚಿ ನೋಡಿದ್ದೀರಿ.

ನೀರು ಪ್ರೋಕ್ಷಿಸಿದ ಅದೇ ಜಗಲಿಯ ಮೇಲೆ, ಅದೇ ಜನರ ಮುಂದೆ, ಡಾಕ್ಟರ್ ಷಮೀಮ್ ಅವರನ್ನೂ ಕರೆಸಿ, ಎಲ್ಲರಿಗೂ ಕೇಳುವಂತೆ ಹೇಳಿ: ಚೀಟಿ ಓದಿದ ಮೇಲೂ, ದೇವರ ಮುಂದಿನ ಒಂದು ಹಿಡಿ ಗರಿಕೆಯನ್ನು ಒಂದು ಮೊಳ ಕೆಳಗಿಡಲು ನಿಮ್ಮ ಕೈಯನ್ನು ತಡೆದದ್ದು ಯಾವುದು?